ಹುಡುಕಾಟದ ಲೆಕ್ಕ: ನ್ಯಾಯಾಲಯದಲ್ಲಿ ಉತ್ತರಕ್ಕೆ ಕಾಲ ಕೇಳುವ ಬಗೆ

ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ನೆಲದಲ್ಲಿ ನಿಂತು ಕಾನೂನಿನ ಮಾತಾಡುವವರು ದೂರದಿಂದ ಶುರುಮಾಡಬೇಕಾಗಿಲ್ಲ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಇಲ್ಲಿಂದ ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಗ್ರಂಥದ ಕೊನೆಯಲ್ಲಿ ಈ ಊರನ್ನೂ ಆ ಅರಸನನ್ನೂ ಹೊಗಳಿದ. 1810ರಲ್ಲಿ ಬ್ರಿಟಿಷ್ ವಿದ್ವಾಂಸ ಕೋಲ್‌ಬ್ರೂಕ್ ಅದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಮಿತಾಕ್ಷರವೆಂದರೆ ಆಸ್ತಿ ಹಂಚುವ ಗ್ರಂಥ ಎಂಬ ಹೆಸರೇ ನಿಂತುಬಿಟ್ಟಿತು. ಆದರೆ ಅದರ ವ್ಯವಹಾರಾಧ್ಯಾಯ ತೆರೆದುಕೊಳ್ಳುವುದು ಹಂಚಿಕೆಯಿಂದಲ್ಲ, ದಾವೆ ನಡೆಸುವ ಕ್ರಮದಿಂದ. ವಾದಿಯ ಮಾತನ್ನು ಪ್ರತಿವಾದಿಯ ಎದುರಿಗೇ ವರ್ಷ, ತಿಂಗಳು, ದಿನ, ಹೆಸರುಗಳ ಸಮೇತ ಬರೆಯಿಸಬೇಕು; ಅದನ್ನು ಕೇಳಿದವನ ಉತ್ತರವನ್ನು ವಾದಿಯ ಎದುರಿಗೇ ಬರೆಯಿಸಬೇಕು; ಆಮೇಲೆ ಪುರಾವೆ, ಆಮೇಲೆ ತೀರ್ಪು. ದಾವೆಗೆ ಇವೇ ನಾಲ್ಕು ಪಾದಗಳು. ಎರಡನೆಯ ಪಾದವಾದ ಉತ್ತರಕ್ಕೆ ಎಷ್ಟು ಕಾಲ ಕೊಡಬೇಕೆಂಬ ಪ್ರಶ್ನೆಯನ್ನು ಮೂಲಸ್ಮೃತಿ ಎತ್ತುತ್ತದೆ, ವಿಜ್ಞಾನೇಶ್ವರ ಅದನ್ನು ಬಿಡಿಸಿ ಹೇಳುತ್ತಾನೆ. ನನ್ನ ಇಂದಿನ ವಿಷಯವೂ ಅದೇ. ಬಸವಕಲ್ಯಾಣ, ಹುಮನಾಬಾದಿನ ಸಿವಿಲ್ ನ್ಯಾಯಾಲಯಗಳಲ್ಲಿ ಎದುರು ಪಕ್ಷದವರು ಪ್ರಶ್ನೆಗಳನ್ನು ಮುಂದಿಟ್ಟಾಗ, ಕಾಗದಪತ್ರಗಳನ್ನು ಬಯಲಿಗಿಡಿ ಎಂದಾಗ, ಉತ್ತರಿಸಲು ಇನ್ನಷ್ಟು ಕಾಲ ಬೇಕೆಂದು ಕೇಳುವುದು ಯಾವಾಗ ನ್ಯಾಯ, ಯಾವಾಗ ಅನ್ಯಾಯ?

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 11 ಒಬ್ಬ ಪಕ್ಷಗಾರ ಇನ್ನೊಬ್ಬನಿಂದ ವಿಚಾರಣೆಗೂ ಮುಂಚೆಯೇ ಸಂಗತಿಗಳನ್ನು ತಿಳಿದುಕೊಳ್ಳುವ ದಾರಿ. ನ್ಯಾಯಾಲಯದ ಅನುಮತಿ ಪಡೆದು ಪ್ರಶ್ನಾವಳಿ ಕೊಡಬಹುದು. ರೂಲ್ 8ರ ಪ್ರಕಾರ ಅದಕ್ಕೆ 10 ದಿನಗಳೊಳಗೆ, ಇಲ್ಲವೇ ನ್ಯಾಯಾಲಯ ಕೊಟ್ಟ ಬೇರೆ ಅವಧಿಯೊಳಗೆ, ಅಫಿಡವಿಟ್ ಮೂಲಕ ಉತ್ತರ ಕೊಡಬೇಕು. ದಾವೆಗೆ ಸಂಬಂಧಿಸಿ ತನ್ನ ವಶದಲ್ಲಿ, ತನ್ನ ಅಧಿಕಾರದಲ್ಲಿ ಇರುವ ದಾಖಲೆಗಳ ಪಟ್ಟಿಯನ್ನು ಪ್ರಮಾಣಪೂರ್ವಕ ಕೊಡು ಎಂದು ರೂಲ್ 12ರಡಿ ಕೇಳಬಹುದು. ನೋಟಿಸ್ ಬಂದರೂ ದಾಖಲೆ ತೋರಿಸದವನು ತಕ್ಕ ಕಾರಣವಿಲ್ಲದೆ ಮುಂದೆ ಅದನ್ನೇ ತನ್ನ ಪುರಾವೆಯಾಗಿ ಹಾಜರುಪಡಿಸುವಂತಿಲ್ಲ ಎಂದು ರೂಲ್ 15 ಹೇಳುತ್ತದೆ. ಕೊನೆಯ ಕತ್ತಿ ರೂಲ್ 21: ಆದೇಶ ಮೀರಿದವನು ವಾದಿಯಾದರೆ ದಾವೆ ವಜಾ ಆಗಬಹುದು, ಅದೇ ಕಾರಣಕ್ಕೆ ಮತ್ತೆ ದಾವೆ ಹೂಡುವ ಬಾಗಿಲೂ ಮುಚ್ಚುತ್ತದೆ, ಪ್ರತಿವಾದಿಯಾದರೆ ಅವನ ಪ್ರತಿವಾದವನ್ನೇ ಹೊಡೆದುಹಾಕಿ, ಅವನು ಬಾಯಿ ಬಿಟ್ಟೇ ಇಲ್ಲವೆಂಬಂತೆ ಮುಂದುವರಿಯಬಹುದು. ಇನ್ನೊಂದು ಕಡೆ ಕಲಂ 148 ಇದೆ. ನ್ಯಾಯಾಲಯ ತಾನು ಕೊಟ್ಟ ಅವಧಿಯನ್ನು, ಅದು ಮುಗಿದುಹೋಗಿದ್ದರೂ, ವಿಸ್ತರಿಸಬಹುದು. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿ ಆ ವಿಸ್ತರಣೆಗೆ ಒಟ್ಟು 30 ದಿನಗಳ ಮಿತಿ ಹಾಕಿತು. ಹತ್ತು ದಿನದ ಗಡುವು, ಕೊನೆಯಲ್ಲಿ ಕತ್ತಿ, ನಡುವೆ ನ್ಯಾಯಾಧೀಶರ ವಿವೇಚನೆ. ಆ ವಿವೇಚನೆಗೆ ಅಳತೆಗೋಲು ಯಾವುದು ಎಂಬುದು ಮಾತ್ರ ಬರೆದಿಟ್ಟಿಲ್ಲ.

ನಾನು ಮುಂದಿಡುವ ಅಳತೆಗೋಲು ಇದು: ಎಷ್ಟು ದಿನ ಕೇಳಿದರು, ಎಷ್ಟನೆಯ ಸಲ ಕೇಳಿದರು ಎಂದು ಎಣಿಸುವುದಕ್ಕಿಂತ, ಕೇಳಿದವರು ತಮ್ಮ ಹುಡುಕಾಟದ ಲೆಕ್ಕ ಕೊಟ್ಟರೋ ಇಲ್ಲವೋ ಎಂದು ನೋಡಬೇಕು. ಏನು ಕೇಳಲಾಗಿದೆ, ಅದರಲ್ಲಿ ತನ್ನ ಕೈಯಲ್ಲಿರುವುದೆಷ್ಟು, ಇಲ್ಲದ್ದು ಯಾವ ಕಚೇರಿಯಲ್ಲಿದೆ, ಅದಕ್ಕೆ ಯಾವ ದಿನ ಅರ್ಜಿ ಹಾಕಿದ್ದೇನೆ, ಯಾವ ದಿನಕ್ಕೆ ಸಿಗಬಹುದು ಎಂದು ಪ್ರಮಾಣ ಮಾಡಿ ಹೇಳುವವನಿಗೆ ಕಾಲವನ್ನು ಕೈಬಿಚ್ಚಿ ಕೊಡಬೇಕು, ಬೇಕಾದರೆ ಎರಡನೆಯ ಸಲವೂ ಕೊಡಬೇಕು. ಬರೀ ಕಾಲಾವಕಾಶ ಬೇಕು ಎಂದು ಒಂದು ಸಾಲು ಗೀಚಿ ಕೊಡುವವನಿಗೆ ಮೊದಲ ಸಲವೂ ಕೊಡಬಾರದು. ಹೀಗೆ ಲೆಕ್ಕ ಕೊಡುವ ಅರ್ಜಿ ಉತ್ತರದ ಮೊದಲ ಕಂತೇ ಆಗಿರುತ್ತದೆ. ಅದನ್ನು ಓದಿದ ಎದುರು ಪಕ್ಷಕ್ಕೆ ಏನೋ ಒಂದು ತಿಳಿದಿರುತ್ತದೆ. ಅರ್ಜಿಯ ಮುಂಚೆ ಎಷ್ಟು ಕತ್ತಲಿತ್ತೋ ಅಷ್ಟು ಆಮೇಲೆ ಇರುವುದಿಲ್ಲ.

ಈ ಅಳತೆ ನಾನು ಹೊಸದಾಗಿ ಕಟ್ಟಿದ್ದಲ್ಲ. ಮಿತಾಕ್ಷರ ನಿಂತಿರುವ ಮೂಲದಲ್ಲಿ ಕಾಲದ ನಿಯಮ ಎರಡು ಭಾಗವಾಗಿದೆ. ಬಲಾತ್ಕಾರದ ಕೃತ್ಯ, ಕಳ್ಳತನ, ಹೊಡೆತ ಬೈಗುಳ, ಹಸು, ಮಹಾಪಾತಕದ ಆರೋಪ, ಪ್ರಾಣಕ್ಕೋ ಧನಕ್ಕೋ ಹಾನಿ ಒದಗುವ ಸಂದರ್ಭ, ಸ್ತ್ರೀಯರ ಕುರಿತ ವಿವಾದ, ಇವುಗಳಲ್ಲಿ ಕೂಡಲೇ ಉತ್ತರಿಸಬೇಕು. ಉಳಿದವುಗಳಲ್ಲಿ ಇಚ್ಛೆಯಂತೆ ಕಾಲ. ಆ ಪಟ್ಟಿಯ ಕೆಲವು ಬಾಬತ್ತುಗಳು ಹೆಣ್ಣನ್ನು, ದಾಸಿಯನ್ನು ಅಂದಿನ ಸಮಾಜ ಕಂಡ ಬಗೆಯಿಂದ ಬಂದವು. ಅವನ್ನು ನಾವು ಇಟ್ಟುಕೊಳ್ಳಬೇಕಾಗಿಲ್ಲ. ಇಟ್ಟುಕೊಳ್ಳಬೇಕಾದದ್ದು ಅದರ ಹಿಂದಿನ ತರ್ಕ. ಹಸು ಎಂದರೆ ಹಾಲು ಕರೆಯುವ ಹಸು ಎಂದು ವಿಜ್ಞಾನೇಶ್ವರ ಅರ್ಥ ಹೇಳುತ್ತಾನೆ. ವಿವಾದ ನಡೆದಷ್ಟು ದಿನವೂ ಹಾಲು ಒಬ್ಬನ ಪಾತ್ರೆಗೆ ಬೀಳುತ್ತಿರುತ್ತದೆ. ಅಲ್ಲಿ ತಡವೇ ನಷ್ಟ. ಎಲ್ಲಿ ತಡವೇ ನಷ್ಟವಾಗುತ್ತದೋ ಅಲ್ಲಿ ಕಾಲವಿಲ್ಲ, ಎಲ್ಲಿ ತಡದಿಂದ ಸತ್ಯಕ್ಕೆ ಹತ್ತಿರವಾಗಬಹುದೋ ಅಲ್ಲಿ ಕಾಲವಿದೆ. ನಾರದ ಸ್ಮೃತಿ ಈ ಎರಡನೆಯ ಅರ್ಧಕ್ಕೆ ಕಾರಣವನ್ನೂ ಕೊಡುತ್ತದೆ: ವ್ಯಾಜ್ಯಗಳು ಗಹನವಾದವು, ಮನುಷ್ಯನ ನೆನಪಿಗೆ ಅಷ್ಟು ಶಕ್ತಿಯಿಲ್ಲ, ಆದ್ದರಿಂದ ಸಾಲದಂಥ ವಿಷಯಗಳಲ್ಲಿ ನಿಜ ತಿಳಿಯುವ ಬಯಕೆಯಿಂದ ಕಾಲ ತೆಗೆದುಕೊಳ್ಳಬಹುದು. ಸ್ಮೃತಿಕಾರ ಕಾತ್ಯಾಯನ ಇನ್ನೂ ಮುಂದೆ ಹೋಗಿ, ವಿಷಯ ಹಳೆಯದಾದಷ್ಟೂ ಉತ್ತರಕ್ಕೆ ಹೆಚ್ಚು ದಿನ ಎಂದು ಮೆಟ್ಟಿಲು ಕಟ್ಟಿದ. ಇಂದಿನದಕ್ಕೆ ಇಂದೇ ಉತ್ತರ. ದಶಕಗಳ ಹಿಂದಿನದಕ್ಕೆ ವಾರಗಳು. ನಮ್ಮ ಸಂಹಿತೆಯ 10 ದಿನ ನಿನ್ನೆಯ ಸಾಲಕ್ಕೂ ಅಜ್ಜನ ಕಾಲದ ಹೊಲಕ್ಕೂ ಒಂದೇ. ಈ ಒಂದು ವಿಷಯದಲ್ಲಿ ಕಾತ್ಯಾಯನನೇ ನಮಗಿಂತ ಸೂಕ್ಷ್ಮವಾಗಿ ಯೋಚಿಸಿದ್ದ ಎಂದು ನನಗೆ ಅನ್ನಿಸುತ್ತದೆ.

ಅಜ್ಜನ ಕಾಲದ ಹೊಲವೆಂಬ ಮಾತನ್ನು ಬೇರೆ ತಾಲ್ಲೂಕುಗಳಲ್ಲಿ ಹೇಳುವುದಕ್ಕೂ ಇಲ್ಲಿ ಹೇಳುವುದಕ್ಕೂ ವ್ಯತ್ಯಾಸವಿದೆ. ಹುಮನಾಬಾದಿನ ಒಂದು ಸಾಮಾನ್ಯ ಹೊಲದ ದಾವೆಯಲ್ಲಿ ಹೀಗೊಂದು ಪ್ರಶ್ನೆ ಬಂದಿದೆಯೆಂದು ಊಹಿಸಿ: ಈ ಸರ್ವೆ ನಂಬರು ನಿಮ್ಮ ಮನೆತನಕ್ಕೆ ಯಾವ ವರ್ಷ, ಯಾರಿಂದ, ಯಾವ ಕಾಗದದ ಮೂಲಕ ಬಂತು? ಕೇಳುವುದಕ್ಕೆ ಅರ್ಧ ನಿಮಿಷ. ಉತ್ತರಿಸುವುದಕ್ಕೆ ಹೊರಟವನು ಮೂರು ಆಡಳಿತಗಳನ್ನು ದಾಟಬೇಕು. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ರಾಜ್ಯ. ಸರ್ಕಾರದ, ನ್ಯಾಯಾಲಯದ ಭಾಷೆ ಉರ್ದು. ಆಗ ಕಲ್ಯಾಣಿ ಎನ್ನುತ್ತಿದ್ದ ಈ ಊರು ನವಾಬರ ಜಾಗೀರಾಗಿತ್ತು. ಜಾಗೀರಿನ ಹಳ್ಳಿಗಳ ಕಂದಾಯದ ಲೆಕ್ಕ ಜಾಗೀರಿನ ಆಡಳಿತದಲ್ಲೇ ಇತ್ತು, 1949ರಲ್ಲಿ ಜಾಗೀರುಗಳು ರದ್ದಾದ ಮೇಲೆ ದಿವಾನಿಗೆ, ಅಂದರೆ ಸರ್ಕಾರದ ನೇರ ಆಡಳಿತಕ್ಕೆ, ಬಂತು. 1950ರಲ್ಲಿ ಹೈದರಾಬಾದಿನ ಗೇಣಿ ಕಾನೂನು, 1951ರ ಏಪ್ರಿಲ್ 1ರಿಂದ ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯೇ ಒಡೆಯಿತು: ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಇನ್ನು ಕೆಲವು ಭಾಗಗಳು ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಗಡಿ ಆಚೆ ಹೋದರೂ ಬೀಗಸ್ತನ ಹೋಗಲಿಲ್ಲ, ಹೊಲಗಳ ಕೊಡುಕೊಳ್ಳುವಿಕೆಯೂ ಹೋಗಲಿಲ್ಲ. ಆದ್ದರಿಂದ ಒಂದೇ ಕುಟುಂಬದ ಆಸ್ತಿಯ ಕಾಗದಗಳು ಇಂದು ಎರಡು ಮೂರು ರಾಜ್ಯಗಳ ಕಚೇರಿಗಳಲ್ಲಿ ಚದುರಿರಬಹುದು. ನಿಜಾಮರ ಸರ್ಕಾರದ ಹಳೆಯ ಕಡತಗಳ ದೊಡ್ಡ ಸಂಗ್ರಹ ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿದೆ.

ಕಾಗದ ಸಿಕ್ಕಿತೆಂದರೂ ಕೆಲಸ ಮುಗಿಯಲಿಲ್ಲ. ಹಳೆಯ ಕಂದಾಯದ ಬರಹ ಬಹುಪಾಲು ಶಿಕಸ್ತಾ ಎಂಬ ಮುರಿದ ಕೈಬರಹದಲ್ಲಿದೆ. ಅಚ್ಚಿನ ಉರ್ದು ಸರಾಗವಾಗಿ ಓದುವವರೂ ಅದರ ಮುಂದೆ ತಡವರಿಸುತ್ತಾರೆ. ಕೆಲವು ಮನೆಗಳ ಮರಾಠಿ ಲೆಕ್ಕಗಳು ಮೋಡಿ ಲಿಪಿಯಲ್ಲಿವೆ. ಇಸವಿಯ ಜಾಗದಲ್ಲಿ ಫಸಲಿ ಇರುತ್ತದೆ. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಫಸಲಿ ವರ್ಷ ಜನವರಿಯಲ್ಲಿ ಶುರುವಾಗದ ಕಾರಣ, ತಿಂಗಳು ನೋಡದೆ ಕೂಡಿಸಿದವನು ಒಂದು ವರ್ಷ ತಪ್ಪುತ್ತಾನೆ. ಪ್ರಶ್ನಾವಳಿಯ ಉತ್ತರ ಪ್ರಮಾಣ ಮಾಡಿ ಹೇಳಿದ ಮಾತು. ಅದರಲ್ಲಿ ಒಂದು ವರ್ಷ ತಪ್ಪಿದರೆ ಪಾಟೀಸವಾಲಿನಲ್ಲಿ ಅದು ಸುಳ್ಳಿನ ಬಣ್ಣ ಪಡೆಯುತ್ತದೆ. ಹತ್ತು ದಿನದ ಗಡಿಬಿಡಿಯಲ್ಲಿ ಗೊತ್ತಿಲ್ಲ ಎಂದು ಬರೆದವನು ಎರಡು ತಿಂಗಳ ಮೇಲೆ ದಾಖಲೆ ತಂದರೆ, ಅಂದು ಗೊತ್ತಿಲ್ಲದ್ದು ಇಂದು ಎಲ್ಲಿಂದ ಬಂತು ಎಂಬ ಸವಾಲು ತಪ್ಪುವುದಿಲ್ಲ. ಅವಸರದ ಉತ್ತರ ದಾವೆಯನ್ನು ಬೇಗ ಮುಗಿಸುತ್ತದೆ ಎಂಬ ನಂಬಿಕೆ ಇಲ್ಲಿ ಕುಸಿಯುತ್ತದೆ. ಅದು ತಿದ್ದುಪಡಿ ಅರ್ಜಿಗೆ, ಹೆಚ್ಚುವರಿ ಸಾಕ್ಷ್ಯದ ಅರ್ಜಿಗೆ, ಅಪೀಲಿಗೆ ಬೀಜ ಬಿತ್ತುತ್ತದೆ.

ಇನ್ನೊಂದು ಹೋಲಿಕೆ ನೋಡಿ. 2005ರ ಮಾಹಿತಿ ಹಕ್ಕು ಕಾಯ್ದೆ ಒಂದು ಕಾಗದ ಕೊಡಲು ಸರ್ಕಾರಿ ಕಚೇರಿಗೆ ಕೊಟ್ಟಿರುವ ಸಾಮಾನ್ಯ ಅವಧಿ 30 ದಿನ. ಕಾಗದವನ್ನು ತನ್ನ ಕಪಾಟಿನಲ್ಲೇ ಇಟ್ಟುಕೊಂಡಿರುವ ಕಚೇರಿಗೆ 30 ದಿನ ಬೇಕೆಂದು ಕಾನೂನೇ ಒಪ್ಪಿದೆ. ಆ ಕಾಗದವನ್ನು ನೋಡಿ ಉತ್ತರ ಬರೆಯಬೇಕಾದ ರೈತನಿಗೆ 10 ದಿನ. ಸರ್ಕಾರವೇ ಪ್ರತಿವಾದಿಯಾದಾಗ ಏನಾಗುತ್ತದೆ? ಕಲಂ 80ರಂತೆ ದಾವೆಗೆ ಮುಂಚೆ ಎರಡು ತಿಂಗಳ ನೋಟಿಸ್ ಕೊಡಬೇಕು. ಆರ್ಡರ್ 27, ರೂಲ್ 5ರಂತೆ, ಸರ್ಕಾರಕ್ಕೆ ಉತ್ತರದ ದಿನ ಗೊತ್ತುಮಾಡುವಾಗ ಕಾಗದಗಳು ಕಚೇರಿಯಿಂದ ಕಚೇರಿಗೆ ಸರಿಯಾದ ಮಾರ್ಗದಲ್ಲಿ ಹೋಗಿಬರಲು ಬೇಕಾದಷ್ಟು ಕಾಲ ಕೊಡಬೇಕು. ಕಾಗದ ನಡೆಯಲು ಕಾಲ ತಗಲುತ್ತದೆ ಎಂಬ ಸತ್ಯ ಸಂಹಿತೆಗೆ ಗೊತ್ತು. ಅದನ್ನು ಅದು ಸರ್ಕಾರದ ವಿಷಯದಲ್ಲಿ ಬರೆದಿಟ್ಟಿದೆ. ಅದೇ ತಹಶೀಲ್ ಕಚೇರಿಯ ಅದೇ ಕಡತಕ್ಕಾಗಿ ಹೊರಗೆ ಸಾಲಿನಲ್ಲಿ ನಿಂತವನ ವಿಷಯದಲ್ಲೂ ಅದೇ ಸತ್ಯವನ್ನು ನ್ಯಾಯಾಧೀಶರು ತಮ್ಮ ವಿವೇಚನೆಯಿಂದ ಓದಿಕೊಳ್ಳಬೇಕು. ಭೂಮಿ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿದೆ, ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಿಂದ ನಡೆಯುತ್ತಿದೆ; ಇವು ಹುಡುಕಾಟವನ್ನು ಖಂಡಿತ ಹಗುರ ಮಾಡುತ್ತವೆ. ಆದರೆ ಸ್ಕ್ಯಾನ್ ಆದ ಶಿಕಸ್ತಾವೂ ಶಿಕಸ್ತಾವೇ. ಓದುವ ಕಣ್ಣು ಬೇಕೇ ಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಈ ಊರಿನಲ್ಲಿ ಅದಕ್ಕೆ ವಿಶೇಷ ಬಲವೂ ಇದೆ. ಸತ್ಯವಂತನಿಗೆ ಕಾಲವೇಕೆ ಬೇಕು? ಇಲ್ಲಿಂದಲೇ ಆಳಿದ ಅರಸ ಬಿಜ್ಜಳನ ಭಂಡಾರವನ್ನು ಬಸವಣ್ಣನವರು ಜಂಗಮರಿಗೆ ಸುರಿಯುತ್ತಿದ್ದಾರೆ ಎಂದು ದೂರು ಹೋದಾಗ, ಅವರು ಭಂಡಾರವನ್ನು ತೆರೆದು ಲೆಕ್ಕ ಒಪ್ಪಿಸಿದರು, ಒಂದು ಕಾಸೂ ಕಡಿಮೆ ಬರಲಿಲ್ಲ ಎಂಬ ಕಥೆಯನ್ನು ಬಸವಪುರಾಣದ ಪರಂಪರೆ ಉಳಿಸಿಕೊಂಡು ಬಂದಿದೆ. ಪವಾಡದ ಅಂಶವನ್ನು ಪಕ್ಕಕ್ಕಿಟ್ಟರೂ ಆ ಕಥೆಯ ನೀತಿ ಗಟ್ಟಿ: ಸಾರ್ವಜನಿಕ ಹಣದ ಲೆಕ್ಕವನ್ನು ಕೇಳಿದ ಗಳಿಗೆಯಲ್ಲಿ ತೋರಿಸಬೇಕು. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ, ಒಪ್ಪಿ ಒಂದು ಸಂಗತಿ ಗಮನಿಸಿ ಎನ್ನುತ್ತೇನೆ. ಬಸವಣ್ಣನವರು ಭಂಡಾರಿ. ಬೀಗದ ಕೈ ಅವರ ಬಳಿಯಿತ್ತು, ಲೆಕ್ಕ ಅವರೇ ಇಟ್ಟದ್ದು. ಕೇಳಿದ ವಸ್ತು ಯಾರ ವಶದಲ್ಲಿದೆಯೋ ಅವನಿಗೆ ಕಾಲ ಬೇಡ. ಆ ನಿಯಮವನ್ನು ಇಂದಿಗೆ ತಂದರೆ, ಸಹಕಾರಿ ಸಂಘ ತನ್ನ ಸದಸ್ಯನ ಸಾಲದ ಖಾತೆ ತೋರಿಸಲು, ಬ್ಯಾಂಕು ತನ್ನದೇ ಲೆಡ್ಜರು ತೋರಿಸಲು, ಅಂಗಡಿಕಾರ ತನ್ನ ಜಿಎಸ್‌ಟಿ ಬಿಲ್ಲು ತೋರಿಸಲು ಕಾಲ ಕೇಳಿದರೆ ಅನುಮಾನದಿಂದ ನೋಡಬೇಕು. ರೈತನ ಹೊಲದ ಮೂಲ ಕಾಗದದ ಬೀಗದ ಕೈ ರೈತನ ಬಳಿ ಇಲ್ಲ. ಅವನು ತಡ ಮಾಡಿದ್ದರಿಂದ ಅವನ ಸತ್ಯಕ್ಕೆ ಕಲೆ ಹತ್ತುವುದಿಲ್ಲ. ಅವನು ಬೀಗದ ಕೈ ಇರುವ ಬಾಗಿಲಿಗೆ ಹೋಗಿ ಬಡಿದನೇ ಎಂಬುದನ್ನು ಮಾತ್ರ ಕೇಳಬೇಕು, ಅದಕ್ಕೆ ಪುರಾವೆಯಾಗಿ ಅರ್ಜಿಯ ಸ್ವೀಕೃತಿ ರಸೀದಿ ಕೇಳಬೇಕು.

ಸುಪ್ರೀಂ ಕೋರ್ಟು ನಡೆದುಬಂದ ದಾರಿಯೂ ಈ ಭೇದವನ್ನೇ ಹಿಡಿದಿದೆ ಎಂದು ನಾನು ಓದುತ್ತೇನೆ. 1961ರ ಮಹಂತ ರಾಮದಾಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು, ಕಟ್ಟುನಿಟ್ಟಾದ ಗಡುವಿನ ಆದೇಶಗಳ ಉದ್ದೇಶ ಸೋಮಾರಿ ಪಕ್ಷಗಾರನನ್ನು ಎಚ್ಚರಿಸುವುದು, ನಡುವೆ ನಡೆದ ಘಟನೆಗಳಿಗೆ ನ್ಯಾಯಾಲಯದ ಕಣ್ಣು ಕಟ್ಟುವುದಲ್ಲ ಎಂಬ ಅರ್ಥದಲ್ಲಿ ಹೇಳಿದರು. 1978ರ ಬಬ್ಬರ್ ಹೊಲಿಗೆ ಯಂತ್ರ ಕಂಪನಿಯ ಪ್ರಕರಣ ನೇರವಾಗಿ ಆರ್ಡರ್ 11ಕ್ಕೆ ಸೇರಿದ್ದು. ದಾಖಲೆ ಹಾಜರುಪಡಿಸಲಿಲ್ಲವೆಂದು ಕೆಳಗಿನ ನ್ಯಾಯಾಲಯ ಪ್ರತಿವಾದವನ್ನೇ ಹೊಡೆದುಹಾಕಿತ್ತು. ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿ, ಹಟದಿಂದ, ಬೇಕೆಂದೇ ಮೀರಿದ ಕಡೆಯ ಘಟ್ಟದಲ್ಲಿ ಮಾತ್ರ ಈ ಶಿಕ್ಷೆ ಎಂದಿತು. 2005ರಲ್ಲಿ ಒಂದೇ ವರ್ಷ ಎರಡು ತೀರ್ಪು ಬಂದವು. ಕೈಲಾಶ್ ಪ್ರಕರಣ ಲಿಖಿತ ಹೇಳಿಕೆಯ 90 ದಿನದ ಮಿತಿಯನ್ನು ನಿರ್ದೇಶಕವೆಂದು ಓದಿತು. ಸೇಲಂ ವಕೀಲರ ಸಂಘದ ಪ್ರಕರಣ, ಪಕ್ಷಗಾರನ ಕೈಮೀರಿದ ಕಾರಣವಿದ್ದರೆ ಕಲಂ 148ರ 30 ದಿನವನ್ನೂ ದಾಟಬಹುದು ಎಂದಿತು. ಮೆದುವಾಗಿ ಕಾಣುವ ಈ ಸಾಲಿನ ಎದುರಿಗೆ ಗಡಸು ತೀರ್ಪುಗಳೂ ಇವೆ. 1993ರ ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ಮುಖ್ಯ ದಾಖಲೆಯೊಂದನ್ನು ಬಚ್ಚಿಟ್ಟು ಡಿಕ್ರಿ ಪಡೆದದ್ದು ನ್ಯಾಯಾಲಯಕ್ಕೇ ಮಾಡಿದ ವಂಚನೆ ಎಂದು ಡಿಕ್ರಿಯನ್ನೇ ಶೂನ್ಯವೆಂದರು. 2011ರ ಶಿವ ಕಾಟೆಕ್ಸ್ ಪ್ರಕರಣದಲ್ಲಿ ಮೂರು ಅವಕಾಶ ಕೊಟ್ಟರೂ ಸಾಕ್ಷ್ಯ ತಾರದ ವಾದಿಗೆ ಇನ್ನೊಂದು ಅವಕಾಶ ಕೊಡಲು ನಿರಾಕರಿಸಿದರು. ಮೆದು ಒಂದು ಸಾಲು, ಗಡಸು ಇನ್ನೊಂದು ಸಾಲು ಎಂದು ಎಣಿಸಿಕೊಂಡು ತನಗೆ ಬೇಕಾದ್ದನ್ನು ಆರಿಸಿಕೊಳ್ಳುವುದು ವಕೀಲಿಯ ಅಭ್ಯಾಸ. ಒಟ್ಟಿಗೆ ಓದಿದರೆ ಎರಡರಲ್ಲೂ ನ್ಯಾಯಾಲಯ ಕೇಳಿದ್ದು ಒಂದೇ ಪ್ರಶ್ನೆ: ಈತ ಹುಡುಕುತ್ತಿದ್ದಾನೋ, ಅಡಗಿಸುತ್ತಿದ್ದಾನೋ?

ನನ್ನ ವಾದಕ್ಕೆ ಎದುರಾಗುವ ಅತಿ ಭಾರವಾದ ಆಕ್ಷೇಪ ಹೆಣ್ಣುಮಕ್ಕಳ ಕಡೆಯಿಂದ ಬರುತ್ತದೆ. ಅದನ್ನು ಹಗುರ ಮಾಡಿ ಹೇಳಲಾರೆ. ಪಾಲಿನ ದಾವೆಯಲ್ಲಿ ತಂಗಿ ವಾದಿ, ಅಣ್ಣಂದಿರು ಪ್ರತಿವಾದಿಗಳು. ವಿಜ್ಞಾನೇಶ್ವರನ ಹೆಸರಿನಲ್ಲಿ ನಡೆದುಬಂದ ಅವಿಭಕ್ತ ಕುಟುಂಬದ ಕಾನೂನಿನಲ್ಲಿ ಮಗಳಿಗೆ ಜನ್ಮದಿಂದ ಪಾಲು ಇರಲಿಲ್ಲ. ಕರ್ನಾಟಕ 1994ರಲ್ಲಿ, ಸಂಸತ್ತು 2005ರಲ್ಲಿ ಅದನ್ನು ಕೊಟ್ಟವು, 2020ರ ವಿನೀತಾ ಶರ್ಮಾ ತೀರ್ಪು ತಂದೆ 2005ಕ್ಕೂ ಮುಂಚೆ ತೀರಿಕೊಂಡಿದ್ದರೂ ಆ ಹಕ್ಕು ಉಂಟೆಂದು ಗಟ್ಟಿಮಾಡಿತು. ಆದರೆ ತವರಿನ ಹೊಲಗಳೆಷ್ಟು, ಯಾವುದು ಯಾವಾಗ ಮಾರಾಟವಾಯಿತು, ಬಂದ ಹಣ ಎಲ್ಲಿ ಹೋಯಿತು ಎಂಬುದು ಆಕೆಗೆ ಗೊತ್ತಿರುವುದಿಲ್ಲ. ಕಾಗದದ ಪೆಟ್ಟಿಗೆ ಅಣ್ಣನ ಮನೆಯಲ್ಲಿದೆ. ಆಕೆಗೆ ಆರ್ಡರ್ 11 ಮೂಲಕ ಮಾತ್ರ ಆ ಪೆಟ್ಟಿಗೆಯ ಮುಚ್ಚಳ ತೆರೆಯುತ್ತದೆ. ಅಣ್ಣ ಕಾಲ ಕೇಳಿದಷ್ಟು ಸಲವೂ ತೊಗರಿ, ಸೋಯಾ, ಕಬ್ಬು ಅವನ ಕಣಕ್ಕೇ ಬರುತ್ತದೆ. ಹಾಲು ಕರೆಯುವ ಹಸುವಿನ ತರ್ಕ ಇಲ್ಲಿ ಪೂರ್ತಿ ಹೊಂದುತ್ತದೆ. ಆದ್ದರಿಂದ ಇಂಥಲ್ಲಿ ನನ್ನ ನಿಲುವು ಎರಡು ಭಾಗವಾಗಿ ಬೇರೆಯಾಗುತ್ತದೆ. ಪೆಟ್ಟಿಗೆಯಲ್ಲಿರುವುದಕ್ಕೆ ಒಂದು ದಿನವೂ ಹೆಚ್ಚು ಕೊಡಬೇಡಿ. ಪೆಟ್ಟಿಗೆಯಲ್ಲಿ ನಿಜವಾಗಿಯೂ ಇಲ್ಲದ, ಹಳೆಯ ಕಡತದಿಂದಲೇ ಬರಬೇಕಾದ ಉತ್ತರಕ್ಕೆ ಕಾಲ ಕೊಡಿ, ಆದರೆ ಕಾಲದ ಜೊತೆಗೆ ಷರತ್ತು ಹಾಕಿ: ಆ ಅವಧಿಯಲ್ಲಿ ಹೊಲ ಪರಭಾರೆ ಮಾಡುವಂತಿಲ್ಲ, ಬೆಳೆಯ ಲೆಕ್ಕ ಬರೆದು ಒಪ್ಪಿಸಬೇಕು, ಅಗತ್ಯವಿದ್ದರೆ ಆದಾಯದ ಒಂದಂಶ ನ್ಯಾಯಾಲಯದಲ್ಲಿ ಠೇವಣಿಯಾಗಬೇಕು. ಆಗ ತಡದ ಹಾಲು ಒಬ್ಬನ ಪಾತ್ರೆಗೇ ಬೀಳುವುದು ನಿಲ್ಲುತ್ತದೆ. ತಡದಿಂದ ಲಾಭವಿಲ್ಲವೆಂದಾದ ಮೇಲೆ, ಕೇಳಬೇಕಾದವರು ಮಾತ್ರ ಕಾಲ ಕೇಳುತ್ತಾರೆ.

ಮತ್ತೊಂದು ಆಕ್ಷೇಪ ಸಮಾನತೆಯದು. ಎಲ್ಲರಿಗೂ ಒಂದೇ ಗಡುವು ಇದ್ದರೆ ಪಕ್ಷಪಾತಕ್ಕೆ ಎಡೆಯಿಲ್ಲ. ವಿವೇಚನೆ ಎಂದೊಡನೆ ಒಬ್ಬ ನ್ಯಾಯಾಧೀಶರು ಕೊಡುತ್ತಾರೆ, ಇನ್ನೊಬ್ಬರು ಕೊಡುವುದಿಲ್ಲ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಈ ದಾರಿ ಹಿಡಿಯಿತು. ಅಲ್ಲಿ ದಾವೆಯ ಜೊತೆಗೇ ಎಲ್ಲ ದಾಖಲೆ ಕೊಡಬೇಕು, ದಾಖಲೆಗಳ ಪರಿಶೀಲನೆಗೆ 30 ದಿನ, ಹೆಚ್ಚೆಂದರೆ ಇನ್ನೂ 30. ಲಿಖಿತ ಹೇಳಿಕೆಗೆ 120 ದಿನ ದಾಟಿದರೆ ಹಕ್ಕೇ ಹೋಯಿತು, ಅದು ಕಡ್ಡಾಯ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಹೇಳಿತು. ತಿಂಗಳು ತಿಂಗಳು ಲೆಕ್ಕ ಮುಚ್ಚುವ ಕಂಪನಿಗಳಿಗೆ ಇದು ನ್ಯಾಯವೇ, ಅವು ಭಂಡಾರಿಗಳು. ಆದರೆ ಆ ಕಾಯ್ದೆಗೆ ಬೇಕಾದ ಕನಿಷ್ಠ ಮೌಲ್ಯ ಮೊದಲು 1 ಕೋಟಿ ಇದ್ದದ್ದು 2018ರಲ್ಲಿ 3 ಲಕ್ಷಕ್ಕೆ ಇಳಿದಿದೆ. ಹೆದ್ದಾರಿ ಬದಿಯ ಹುಮನಾಬಾದಿನ ಒಬ್ಬ ಸಣ್ಣ ದಾಲ್‌ಮಿಲ್ ಮಾಲೀಕನೂ ಈಗ ಆ ಬಲೆಯೊಳಗೆ ಬರಬಹುದು. ಅಲ್ಲಿ ಆ ಗಡುವಿನ ಸಮಾನತೆ ತೂಕ ತಪ್ಪುತ್ತದೆ ಎಂದೇ ನನ್ನ ಅಭಿಪ್ರಾಯ. ವಿವೇಚನೆ ಮನಸೋಇಚ್ಛೆಯಾಗುವುದಕ್ಕೆ ಮದ್ದು ಗಡುವಿನಲ್ಲಿಲ್ಲ, ಆದೇಶದಲ್ಲಿ ಕಾರಣ ಬರೆಯುವುದರಲ್ಲಿದೆ. ಪಕ್ಷಗಾರ ಹುಡುಕಾಟದ ಲೆಕ್ಕ ಕೊಟ್ಟಿದ್ದರೆ, ಕೊಟ್ಟದ್ದಕ್ಕೋ ಕೊಡದ್ದಕ್ಕೋ ನ್ಯಾಯಾಧೀಶರು ಎರಡು ಸಾಲಿನ ಕಾರಣ ಬರೆಯುವುದು ಕಷ್ಟವಲ್ಲ. ಮೇಲಿನ ನ್ಯಾಯಾಲಯ ಅದನ್ನು ಅಳೆಯುವುದೂ ಕಷ್ಟವಲ್ಲ. ಲೆಕ್ಕವಿಲ್ಲದ ಅರ್ಜಿಗೆ ಕಾರಣವಿಲ್ಲದ ಆದೇಶ ಹುಟ್ಟುತ್ತದೆ, ಇಂದಿನ ಅವ್ಯವಸ್ಥೆ ಬಹುಪಾಲು ಅಲ್ಲಿಂದಲೇ.

ಹಾಗಾದರೆ ಆ ಅರ್ಜಿ ಹೇಗಿರಬೇಕು? ಇಪ್ಪತ್ತು ಪ್ರಶ್ನೆಗಳಲ್ಲಿ ಹದಿನಾಲ್ಕಕ್ಕೆ ಇಂದೇ ಉತ್ತರ ಇದ್ದರೆ ಆ ಹದಿನಾಲ್ಕನ್ನು ಇಂದೇ ಅಫಿಡವಿಟ್‌ನಲ್ಲಿ ಕೊಟ್ಟು, ಉಳಿದ ಆರಕ್ಕೆ ಮಾತ್ರ ಕಾಲ ಕೇಳಬೇಕು. ಇದೊಂದನ್ನು ಪಾಲಿಸಿದರೂ ಸಾಕು, ಅರ್ಧ ಜಗಳ ಇಳಿಯುತ್ತದೆ. ಆರರಲ್ಲಿ ಎರಡು ಪ್ರಶ್ನೆಗಳೇ ಅಸಂಬದ್ಧವೆನ್ನಿಸಿದರೆ ಅದನ್ನು ಕಾಲದ ಅರ್ಜಿಯಲ್ಲಿ ಮುಚ್ಚಿಡಬಾರದು. ಉತ್ತರದ ಅಫಿಡವಿಟ್‌ನಲ್ಲೇ ಆಕ್ಷೇಪಿಸಲು ರೂಲ್ 6 ಇದೆ, ಪ್ರಶ್ನೆಯನ್ನೇ ತೆಗೆಸಿಹಾಕಲು ರೂಲ್ 7 ಇದೆ, ಅದಕ್ಕೆ 7 ದಿನಗಳ ಗಡುವೂ ಇದೆ. ಆಕ್ಷೇಪವಿದ್ದೂ ಕಾಲ ಕೇಳುತ್ತ ಕೂರುವುದು ಅಡಗಿಸುವುದರ ಇನ್ನೊಂದು ರೂಪ. ಉಳಿದ ನಾಲ್ಕಕ್ಕೆ ಕಡತ ಎಲ್ಲಿದೆ, ನಕಲಿಗೆ ಅರ್ಜಿ ಹಾಕಿದ ದಿನಾಂಕ, ಉರ್ದು ಓದಿ ಕನ್ನಡಕ್ಕೆ ಇಳಿಸಲು ಬೇಕಾದ ದಿನಗಳು. ಗಡುವು ಮುಗಿಯುವ ಮುಂಚೆಯೇ ಅರ್ಜಿ ಬರಬೇಕು. ಮುಗಿದ ಮೇಲೂ ವಿಸ್ತರಿಸುವ ಅಧಿಕಾರ ಕಲಂ 148ರಲ್ಲಿದೆ ನಿಜ, ಆದರೆ ಅದು ಆಪತ್ತಿಗೆ ಇಟ್ಟ ಬಾಗಿಲು. ವಕೀಲರೇ ಮರೆತು ಕುಳಿತರೆ? 1981ರ ರಫೀಕ್ ಪ್ರಕರಣದಲ್ಲಿ ವಕೀಲರ ತಪ್ಪಿಗೆ ಹಳ್ಳಿಯ ಕಕ್ಷಿದಾರ ಬಲಿಯಾಗಬಾರದು ಎಂದು ಸುಪ್ರೀಂ ಕೋರ್ಟು ಹೇಳಿದೆ. ಖರ್ಚಿನ ಹೊರೆ ತಪ್ಪಿದವರ ಮೇಲೆ ಬೀಳಲಿ ಎಂದಷ್ಟೇ ನಾನು ಸೇರಿಸುತ್ತೇನೆ.

ಇನ್ನು ಉಳಿದದ್ದು ಇಚ್ಛೆ ಎಂಬ ಆ ಶಬ್ದ. ಉಳಿದ ವಿವಾದಗಳಲ್ಲಿ ಕಾಲ ಇಚ್ಛೆಯಂತೆ ಎಂದು ಸ್ಮೃತಿ ಹೇಳಿ ಬಿಟ್ಟಿತು. ಯಾರ ಇಚ್ಛೆ ಎಂದು ಹೇಳಲಿಲ್ಲ. ವಿಜ್ಞಾನೇಶ್ವರ ಅದನ್ನು ಪ್ರತಿವಾದಿಯ ಇಚ್ಛೆಯೆಂದಾಗಲಿ, ನ್ಯಾಯಾಧೀಶನ ಇಚ್ಛೆಯೆಂದಾಗಲಿ ಒಬ್ಬರಿಗೆ ಕಟ್ಟಿಕೊಡಲಿಲ್ಲ. ವಾದಿ, ಪ್ರತಿವಾದಿ, ಸಭ್ಯರು (ನ್ಯಾಯಸಭೆಯ ಸದಸ್ಯರು), ಸಭಾಪತಿ, ಈ ಎಲ್ಲರ ಇಚ್ಛೆ ಎಂದು ಬಿಡಿಸಿದ. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಇಂದು ಪ್ರಶ್ನಾವಳಿಯ ಉತ್ತರಕ್ಕೆ 30 ದಿನ; ಅದನ್ನು ಬೆಳೆಸಬೇಕಾದರೆ ಎರಡೂ ಕಡೆಯವರು ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳಬಹುದು, ನ್ಯಾಯಾಲಯ ಗೊತ್ತುಮಾಡಿದ ದಿನಗಳಿಗೆ ಅಡ್ಡಿಯಾಗದಿದ್ದರೆ ನ್ಯಾಯಾಧೀಶರ ಬಳಿಗೆ ಹೋಗಬೇಕಾಗಿಯೇ ಇಲ್ಲ. ನಮ್ಮಲ್ಲಿ ಕಾಲ ಕೇಳುವುದೆಂದರೆ ಪೀಠದ ಕಡೆ ಮುಖ ಮಾಡುವುದು ಎಂದಾಗಿಬಿಟ್ಟಿದೆ. ಪ್ರಶ್ನೆ ಕೇಳಿದವನು ಪಕ್ಕದಲ್ಲೇ ನಿಂತಿರುತ್ತಾನೆ, ಅವನನ್ನು ಯಾರೂ ಕೇಳುವುದಿಲ್ಲ. ವಿಜ್ಞಾನೇಶ್ವರ ಎಣಿಸಿದ ನಾಲ್ವರಲ್ಲಿ ಮೊದಲ ಹೆಸರು ವಾದಿಯದು. ಈ ಎರಡು ಊರುಗಳ ವಕೀಲರ ಸಂಘಗಳಲ್ಲಿ ಎದುರು ಬದುರಿನ ವಕೀಲರು ಒಂದೇ ಮೇಜಿನ ಸುತ್ತ ಚಹಾ ಕುಡಿಯುತ್ತಾರೆ. ಅರ್ಜಿ ಟೈಪಿಗೆ ಹೋಗುವ ಮುಂಚೆ, ಹುಡುಕಾಟದ ಲೆಕ್ಕದ ಹಾಳೆಯನ್ನೂ ನಕಲಿನ ರಸೀದಿಯನ್ನೂ ಮೊದಲು ಆ ಮೇಜಿನ ಮೇಲೆ ಇಡಬಹುದು. ಇಷ್ಟು ದಿನ ಸಾಕೇ ಎಂದು ಅಲ್ಲಿ ಕೇಳಿ, ಒಪ್ಪಿದ ದಿನವನ್ನು ಇಬ್ಬರೂ ಸಹಿ ಹಾಕಿದ ಜಂಟಿ ಮೆಮೋದಲ್ಲಿ ಬರೆದು ನ್ಯಾಯಾಧೀಶರ ಮುಂದೆ ಇಟ್ಟರೆ, ಮರುದಿನ ಕಕ್ಷಿದಾರ ಕೋರ್ಟಿನ ಕಟ್ಟೆಯ ಮೇಲೆ ಕಾಯುವ ಬದಲು ತಹಶೀಲ್ ಕಚೇರಿಯ ಕಿಟಕಿಗೆ ಹೋಗಬಹುದು.